ಮೀಟರಣ್ಣನ ಕೆಮ್ಮಿನ ಔಷಧಿ

ಆ ಬೀದಿಗೆ ಒಂದು ಕೆಮ್ಮಿತ್ತು. ಒಬ್ಬಿಬ್ಬರಿಗಲ್ಲ, ಇಡೀ ಬೀದಿಗೆ. ಬೆಳಿಗ್ಗೆ ಇರುತ್ತಿರಲಿಲ್ಲ, ಮಧ್ಯಾಹ್ನವೂ ಇರುತ್ತಿರಲಿಲ್ಲ. ಸಾಯಂಕಾಲ ಬೀದಿ ದೀಪ ಹತ್ತಿತು ಅನ್ನಿ, ಶುರು. ಮೊದಲು ಪಕ್ಕದ ಟೈಲರ್ ಅಂಗಡಿಯಿಂದ ಒಂದು ಕೆಮ್ಮು, ಮಿಷಿನ್ನು ಓಡಿದ ಹಾಗೆ, ನಿಲ್ಲದೆ. ಆಮೇಲೆ ಮಹಡಿ ಮನೆಯ ಬ್ಯಾಂಕ್ ಕ್ಯಾಷಿಯರನದು, ಎಣಿಸಿ ಎಣಿಸಿ ಕೊಟ್ಟ ಹಾಗೆ. ಕೊನೆಗೆ ಎದುರು ಮನೆಯ ರಿಟೈರ್ಡ್ ಹೆಡ್‌ಮಿಸ್ಸಿನದು. ಅದು ಶಿಸ್ತಿನ ಕೆಮ್ಮು. ಎರಡೇ ಸಲ, ಹಾಜರಿ ಕೂಗಿದ ಹಾಗೆ. ಡಾಕ್ಟರುಗಳಿಗೆ ಈ ಕಾಯಿಲೆ ಗೊತ್ತಿಲ್ಲ. ಗೊತ್ತಾಗಿದ್ದರೆ ಅವರಿಗೂ ಬರುತ್ತಿತ್ತು.

ಇದಕ್ಕೆ ಔಷಧಿ ಸಿಗುತ್ತಿದ್ದದ್ದು ಒಂದೇ ಕಡೆ. ಮೀಟರಣ್ಣನ ಮನೆಯಲ್ಲಿ.

ಮೀಟರಣ್ಣನದು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಪ್ರಾಮಾಣಿಕ ಅಂದರೆ ಎಂಥ ಪ್ರಾಮಾಣಿಕ! ಒಮ್ಮೆ ತನ್ನ ಮನೆಯ ನಲ್ಲಿ ಸೋರುತ್ತಿತ್ತು ಅಂತ ತಾನೇ ತನಗೊಂದು ನೋಟೀಸ್ ಬರೆದು, ತಾನೇ ಸಹಿ ಹಾಕಿ ತೆಗೆದುಕೊಂಡು, ತಾನೇ ಹೆದರಿ ಆ ವಾರವೆಲ್ಲ ಬಕೆಟ್ಟಿನಲ್ಲಿ ನೀರು ಹೊತ್ತವನು. ಇಂಥವನ ಕೈಗೆ ಅತ್ತೆ ಕಣ್ಣು ಮುಚ್ಚುವ ಮುಂಚೆ ತಮ್ಮ ಕೆಮ್ಮಿನ ಔಷಧಿಯ ವಿದ್ಯೆ ಒಪ್ಪಿಸಿ ಹೋಗಿದ್ದರು. ಕಪ್ಪು ದ್ರಾಕ್ಷಿ ತೊಳೆದು, ನೀರಾರಿಸಿ, ಹಿಸುಕಿ, ಸಕ್ಕರೆ ಹಾಕಿ, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ ಸೇರಿಸಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ಇಡಬೇಕು. ದಿನಾ ಮರದ ಸೌಟಿನಿಂದ ಕೈಯಾಡಿಸಬೇಕು. ಸ್ವಲ್ಪ ದಿನಕ್ಕೆ ಜಾಡಿಯೊಳಗಿಂದ ಬುಸ್ ಬುಸ್ ಅಂತ ಸದ್ದು ಬರುತ್ತದೆ.

"ಔಷಧಿ ಉಸಿರಾಡ್ತಿದೆ ಕಣೇ, ಮೆಲ್ಲಗೆ ಓಡಾಡು," ಅಂತ ಮೀಟರಣ್ಣ ಹೆಂಡತಿಗೆ ಹೇಳುತ್ತಿದ್ದ.

ಅವನು ಮಾತ್ರ ಒಂದು ತೊಟ್ಟನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಯಾಕೆ ಅಂದರೆ ಅವನಿಗೆ ಕೆಮ್ಮಿರಲಿಲ್ಲ. ಕಾಯಿಲೆ ಇಲ್ಲದೆ ಔಷಧಿ ತಗೊಳ್ಳೋದು ತಪ್ಪು ಅನ್ನೋದು ಅವನ ಸಿದ್ಧಾಂತ. ಬಂದವರಿಗೆ ದ್ರಾಕ್ಷಿ ಸಕ್ಕರೆಯ ಖರ್ಚಿಗೆ ಸರಿಯಾಗಿ ಬಾಟಲಿ ಕೊಟ್ಟು, "ಊಟಕ್ಕೆ ಮುಂಚೆ ಎರಡು ಚಮಚ," ಅಂತ ಹೇಳಿ ಕಳಿಸುತ್ತಿದ್ದ. ಟೈಲರ್ ತನ್ನ ಮನೆಯಲ್ಲಿ ಚಮಚ ಇಲ್ಲ, ಸೌಟೇ ಇರೋದು ಅಂದಿದ್ದ. "ಹಾಗಾದ್ರೆ ಎರಡು ಸೌಟು," ಅಂತ ಮೀಟರಣ್ಣ ಅದಕ್ಕೂ ದಾರಿ ತೋರಿಸಿದ್ದ.

ಹೀಗೆ ಬೀದಿ ಕೆಮ್ಮುತ್ತಾ ಸುಖವಾಗಿತ್ತು. ಕೆಡಿಸಿದವನು ಭಾವಮೈದ.

ಈ ಭಾವಮೈದ ದೊಡ್ಡ ಹೋಟೆಲೊಂದರಲ್ಲಿ ಬಾರ್ ನೋಡಿಕೊಳ್ಳುವವನು. ಬಾಟಲಿಯ ಮುಚ್ಚಳ ತೆಗೆದ ಸದ್ದು ಕೇಳಿಯೇ ಒಳಗೇನಿದೆ ಅಂತ ಹೇಳುವವನು. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದಾಗ ಗಂಟಲು ಕೆರೆತ ಅಂದ. ಮೀಟರಣ್ಣ ಉಪಚಾರಕ್ಕೆ ಎರಡು ಚಮಚ ಕೊಟ್ಟ. ಭಾವಮೈದ ನುಂಗಿದ. ತುಟಿ ಚಪ್ಪರಿಸಿದ. ಎದ್ದು ಹೋಗಿ ತಾನೇ ಒಂದು ಲೋಟ ತಂದು ಬಗ್ಗಿಸಿಕೊಂಡು ಕುಡಿದ.

"ಭಾವ, ಏನಿದು?"

"ಕೆಮ್ಮಿನ ಔಷಧಿ ಕಣೋ. ನಿಮ್ಮಮ್ಮಂದೇ."

"ಭಾವ, ಇದು ವೈನು."

"ಥೂ, ಬಿಡ್ತು ಅನ್ನು!"

"ಏನ್ ಬಿಡ್ತು? ಒಳ್ಳೇ ವೈನು ಭಾವ. ನಮ್ಮ ಹೋಟೆಲಲ್ಲಿ ಇದನ್ನ ಕೊಟ್ರೆ ಗಿರಾಕಿ ಬಿಲ್ ನೋಡಿದ್ಮೇಲೂ ನಗ್ತಾನೆ."

ಮೀಟರಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಒಲೆಯ ಮುಂದೆ ನಿಂತು ಖಾಲಿ ಪಾತ್ರೆಯನ್ನ ಬಹಳ ಶ್ರದ್ಧೆಯಿಂದ ಕಲಕುತ್ತಿದ್ದಳು.

ಆಗ ಅವನಿಗೆ ಒಂದೊಂದೇ ನೆನಪಾಗತೊಡಗಿತು. ಟೈಲರ್ ಒಂದು ಸಾಯಂಕಾಲ ಒಂದೇ ಪ್ಯಾಂಟಿಗೆ ಮೂರು ಕಾಲು ಹೊಲಿದು, ಗಿರಾಕಿ ಕೇಳಿದ್ದಕ್ಕೆ "ಒಂದು ಹರಿದ್ರೆ ಇರ್ಲಿ" ಅಂದಿದ್ದ. ಕ್ಯಾಷಿಯರ್ ಬಾಲ್ಕನಿಯಲ್ಲಿ ನಿಂತು ಬೀದಿ ನಾಯಿಗೆ ಮನೆ ಕಟ್ಟೋಕೆ ಸಾಲ ಮಂಜೂರು ಮಾಡಿದ್ದ. ಹೆಡ್‌ಮಿಸ್ಸು, ನಂಬಿ ಬಿಡಿ, ಒಂದು ದಿನ ನಕ್ಕಿದ್ದರು. ಇದನ್ನೆಲ್ಲ ಮೀಟರಣ್ಣ ಆರೋಗ್ಯದ ಲಕ್ಷಣ ಅಂತ ತಿಳಿದಿದ್ದ.

"ಅಯ್ಯೋ! ಹೆಡ್‌ಮಿಸ್ಸಿಗೆ ಕುಡಿಸಿದ್ದೀನಲ್ಲೋ! ಎರಡು ವರ್ಷದಿಂದ! ಪಾಪ, ಅವರಿಗೆ ಗೊತ್ತೇ ಇಲ್ಲ!"

"ಗೊತ್ತಿಲ್ದಿದ್ರೆ ಒಳ್ಳೇದಾಯ್ತಲ್ಲ, ಬಾಯಿ ಮುಚ್ಕೊಂಡಿರಿ," ಅಂದಳು ಹೆಂಡತಿ, ಪಾತ್ರೆ ಕಲಕುತ್ತಲೇ.

ಆದರೆ ತನಗೆ ತಾನೇ ನೋಟೀಸ್ ಕೊಟ್ಟುಕೊಂಡ ಮನುಷ್ಯ ಬಾಯಿ ಮುಚ್ಚಿಕೊಂಡಿರ್ತಾನಾ? ಸೋಮವಾರ ಬೆಳಿಗ್ಗೆ ಒಗೆದ ಶರ್ಟು ಹಾಕಿಕೊಂಡು, ಜೈಲಿಗೆ ಬೇಕಾಗುತ್ತೆ ಅಂತ ಒಂದು ಟವೆಲ್ಲು, ಹಲ್ಲುಜ್ಜೋ ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಅಬಕಾರಿ ಕಚೇರಿಗೆ ನಡೆದ.

ಅಬಕಾರಿ ಇನ್ಸ್‌ಪೆಕ್ಟರ್ ಜೀವಮಾನವೆಲ್ಲ ಕಳ್ಳರ ಹಿಂದೆ ಓಡಿ ಮೊಣಕಾಲು ಸವೆಸಿಕೊಂಡವರು. ತಾನಾಗೇ ಬಂದು ಎದುರು ಕುರ್ಚಿಯಲ್ಲಿ ಕೂತ ಕಳ್ಳನನ್ನ ಅವರು ನೋಡಿದ್ದು ಅದೇ ಮೊದಲು.

"ನನ್ನನ್ನ ಹಿಡಿದುಬಿಡಿ ಸಾರ್."

"ಯಾಕ್ರೀ?"

"ಬೀದಿಗೆಲ್ಲ ಕುಡಿಸಿದ್ದೀನಿ."

"ಯಾವಾಗಿಂದ?"

"ನಮ್ಮತ್ತೆ ಹೋದಾಗಿಂದ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಅತ್ತೆ ಹೇಗೆ ಹೋದ್ರು?"

"ವಯಸ್ಸಾಗಿತ್ತು ಸಾರ್."

"ಅವರಿಗೂ ಕುಡಿಸಿದ್ರಾ?"

"ಕಲಿಸಿದ್ದೇ ಅವರು ಸಾರ್."

ಇಷ್ಟೊಂದು ನಿಜ ಒಟ್ಟಿಗೆ ಕೇಳಿ ಅಭ್ಯಾಸವಿಲ್ಲದ ಇನ್ಸ್‌ಪೆಕ್ಟರಿಗೆ ಅನುಮಾನ ಬಂತು. ಇವನು ಇಷ್ಟು ಒಪ್ಪಿಕೊಳ್ತಾನೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟಿರಬೇಕು! ಬಾಗಿಲ ಹೊರಗೆ ಇಣುಕಿ ನೋಡಿದರು, ಚೀಲ ತೆಗೆಸಿ ನೋಡಿದರು. ಟವೆಲ್ಲು, ಬ್ರಷ್ಷು. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು.

"ನೋಡ್ರೀ, ಕಣ್ಣಾರೆ ನೋಡದೆ ಕೇಸ್ ಹಾಕಕ್ಕಾಗಲ್ಲ. ಮನೇಲಿ ಸಣ್ಣದಾಗಿ ವೈನ್ ಮಾಡಿ ಮಾರೋಕೆ ಲೈಸೆನ್ಸ್ ಅಂತ ಒಂದಿದೆ, ಅರ್ಜಿ ಹಾಕಿ. ಆದ್ರೆ ಜನ ವಾಸ ಮಾಡೋ ಬೀದಿ. ಗೇಟಿಗೆ ನೋಟೀಸ್ ಅಂಟಿಸಬೇಕು. ಬೀದಿಯವರು ಒಪ್ಪಬೇಕು. ನಾನು ಬಂದು ಪರೀಕ್ಷೆ ಮಾಡ್ತೀನಿ. ಬೀದಿಯವರು ಒಪ್ಪಲಿಲ್ಲ, ಜಾಡೀಲಿ ವೈನಿದೆ ಅಂದ್ರೆ ಎಲ್ಲಾ ಮೋರಿಗೆ ಸುರಿಸಿ ಕೇಸ್ ಹಾಕ್ತೀನಿ. ಕೇಸ್ ಬಿದ್ದೋನನ್ನ ಮೀಟರ್ ಓದೋಕೆ ಯಾರ್ರೀ ಗೇಟ್ ಒಳಗೆ ಬಿಡ್ತಾರೆ? ಕೆಲಸಾನೂ ಮರೆತುಬಿಡಿ."

ಮೀಟರಣ್ಣ ಟವೆಲ್ಲಿನ ಚೀಲವನ್ನ ಅವುಚಿಕೊಂಡ. ಜೈಲಿಗೆ ತಯಾರಾಗಿ ಬಂದಿದ್ದ, ಕೆಲಸ ಹೋಗುತ್ತೆ ಅಂತ ಯೋಚಿಸಿರಲಿಲ್ಲ. ಆದರೂ ಧೈರ್ಯವಿತ್ತು. ಬೀದಿಯವರು ತನ್ನ ಔಷಧಿ ಕುಡಿದವರಲ್ಲವೇ, ಬಿಟ್ಟುಕೊಡ್ತಾರಾ?

ನೋಟೀಸ್ ಅಂಟಿಸಿ ಗೋಂದಿನ ಕೈ ತೊಳೆಯುವಷ್ಟರಲ್ಲಿ ಹೆಡ್‌ಮಿಸ್ಸು ಗೇಟಿನ ಮುಂದೆ ಹಾಜರು. ಅವರು ಬೀದಿಯನ್ನೇ ತರಗತಿ ಅಂದುಕೊಂಡವರು; ಕಸದ ಗಾಡಿಯವನೂ ಅವರ ಮನೆ ಮುಂದೆ ಸಾಲಾಗಿ ಬರಬೇಕು.

"ಏನಪ್ಪಾ ಮೀಟರು, ಮರ್ಯಾದಸ್ಥರ ಬೀದೀಲಿ ಮದ್ಯದಂಗಡಿ ಇಡ್ತೀಯಾ? ನಾಚಿಕೆ ಆಗಲ್ವಾ?"

"ಮಿಸ್, ಅದು ಹಾಗಲ್ಲ. ನಾನು ನಿಮಗೆ ಕೊಡ್ತಿದ್ನಲ್ಲ ಔಷಧಿ, ಅದು ಏನೂಂದ್ರೆ..."

ಹೆಡ್‌ಮಿಸ್ಸು ಕೆಮ್ಮಿದರು. ಎರಡು ಸಲವಲ್ಲ, ಹತ್ತು ಸಲ. ಕೆಮ್ಮು ನಿಂತ ಮೇಲೆ ಮೀಟರಣ್ಣ ಮತ್ತೆ ಬಾಯಿ ತೆರೆದ. ಮತ್ತೆ ಕೆಮ್ಮು.

"ಆ ವಿಷಯ ಬೇರೆ, ಈ ವಿಷಯ ಬೇರೆ," ಅಂದರು ಕಣ್ಣೊರೆಸಿಕೊಳ್ಳುತ್ತಾ. "ಇದಕ್ಕೆ ನಾನು ಒಪ್ಪಲ್ಲ. ಸರಿ, ನನ್ನ ಬಾಟ್ಲು ಮುಗಿದಿದೆ, ತುಂಬಿಸಿಕೊಡು."

"ಲೈಸೆನ್ಸ್ ಬರೋ ತನಕ ಒಂದು ತೊಟ್ಟೂ ಕೊಡೋ ಹಾಗಿಲ್ಲ ಮಿಸ್. ಕಾನೂನು."

ಹೆಡ್‌ಮಿಸ್ಸಿನ ಮುಖ ಇಷ್ಟೇ ಇಷ್ಟಾಯಿತು. ಆದರೆ ಮಾತು ಮಾತೇ. ಖಾಲಿ ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಮೀಟರಣ್ಣ ಟೈಲರ್ ಹತ್ತಿರ ಹೋದ.

"ಮೀಟರಣ್ಣ, ನಿನ್ನ ಮೇಲೆ ನನಗೇನೂ ಇಲ್ಲ," ಅಂದ ಟೈಲರ್, ದಾರ ಪೋಣಿಸುತ್ತಾ. "ಆದ್ರೆ ಲೈಸೆನ್ಸ್ ಬಂದ್ಮೇಲೆ ನೀನು ವೈನಿನ ಬೋರ್ಡ್ ಹಾಕಿದ್ರೆ ನನ್ನ ಹೆಂಡತಿ ಏನಂತಾಳೆ? ಮಹಡಿ ಮನೆ ಕ್ಯಾಷಿಯರ್ ಏನಂತಾನೆ? ಪಾಪ, ಸಭ್ಯಸ್ಥ. ಅವನಿಗೆ ಇದೆಲ್ಲ ಆಗಿಬರಲ್ಲ."

"ಅಲ್ಲವೋ, ಅವನೂ ನೀನೂ ಕುಡೀತಿದ್ದ ಔಷಧೀನೇ..."

ಟೈಲರ್ ಮಿಷಿನ್ನು ತುಳಿದ. ಮಿಷಿನ್ನಿನ ಜೊತೆ ಕೆಮ್ಮಿದ.

ಕ್ಯಾಷಿಯರ್ ಹತ್ತಿರ ಹೋದರೆ ಅವನೂ ಅದೇ ರಾಗ. "ನಾನೇನೋ ಒಪ್ಪಿಬಿಡ್ತಿದ್ದೆ. ಟೈಲರ್ ಮುಗ್ಧ ಮನುಷ್ಯ. ಹೆಡ್‌ಮಿಸ್ಸು ಇದ್ದಾರೆ. ಅವರಿಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ." ಕೆಮ್ಮು.

ಹೀಗೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮೀಟರಣ್ಣ ನಿಜ ಹೇಳಲು ಬಾಯಿ ತೆರೆದಲ್ಲೆಲ್ಲ ಜನ ಕೆಮ್ಮಿ ಕೆಮ್ಮಿ ಅವನನ್ನ ಆಚೆಗೆ ದಬ್ಬಿದರು. ಮನೆಗೆ ಬಂದು ಹೆಂಡತಿಗೆ ಹೇಳಿದ: "ಕೆಮ್ಮು ಬಹಳ ಜಾಸ್ತಿಯಾಗಿದೆ ಕಣೇ. ಔಷಧಿ ನಿಂತದ್ದೇ ತಡ, ನೋಡು ಹೇಗೆ ತಿರುಗಿಬಿದ್ದಿದೆ."

ಬೀದಿಯವರೆಲ್ಲ ಸೇರಿ ಬೇಡ ಅಂತ ಸಹಿ ಹಾಕಿದರು. ಮಾರನೆಯ ದಿನವೇ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಬರುವುದಿತ್ತು. ಮೀಟರಣ್ಣ ತಲೆ ಮೇಲೆ ಕೈ ಹೊತ್ತು ಕೂತು, ಮೀಟರ್ ಓದುವ ಕೆಲಸ ಹೋದರೆ ಬೇರೆ ಏನು ಓದಿ ಬದುಕೋದು ಅಂತ ಯೋಚಿಸುತ್ತಿದ್ದ. ಹೆಂಡತಿ "ಹೋಗಿ ಹಾಲು ತನ್ನಿ" ಅಂತ ಅವನನ್ನ ಹೊರಗೆ ಕಳಿಸಿದಳು.

ಇನ್ಸ್‌ಪೆಕ್ಟರ್ ಬಂದರು. ಜೊತೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪುಟ್ಟ ಒಲೆ, ಗಾಜಿನ ಬುರುಡೆ, ಕೊಳವೆ, ಗುರುತು ಕೊರೆದ ಗಾಜಿನ ಕಡ್ಡಿ. ಹಿತ್ತಲಲ್ಲಿ ಮೇಜು ಹಾಕಿಸಿದರು. ಬೀದಿಗೆ ಬೀದಿಯೇ ಕಾಂಪೌಂಡ್ ಗೋಡೆಯ ಮೇಲೆ ಗಲ್ಲ ಊರಿ ನಿಂತಿತ್ತು. ಹೆಡ್‌ಮಿಸ್ಸಿಗೆ ಮಾತ್ರ ಕುರ್ಚಿ.

ಜಾಡಿಯಿಂದ ಒಂದು ಲೋಟ ತೆಗೆದು, ಬುರುಡೆಗೆ ಹಾಕಿ, ಕಾಯಿಸಿ, ಆವಿ ಹಿಡಿದು, ತಣಿಸಿ, ಬಂದ ನೀರಿನಲ್ಲಿ ಗಾಜಿನ ಕಡ್ಡಿ ತೇಲಿಬಿಟ್ಟರು. ಬಗ್ಗಿ ನೋಡಿದರು. ಕನ್ನಡಕ ಒರೆಸಿ ನೋಡಿದರು. ಇನ್ನೊಂದು ಜಾಡಿ ತೆಗೆಸಿದರು. ಮದ್ಯವಿದ್ದರೆ ಮುಳುಗಬೇಕಾದ ಕಡ್ಡಿ ಮುಳುಗಲಿಲ್ಲ. ಎಲ್ಲಾ ಜಾಡಿಗಳೂ ಮುಗಿದವು. ಇನ್ಸ್‌ಪೆಕ್ಟರ್ ಕೊನೆಗೆ ಒಂದು ಗುಟುಕು ಕುಡಿದೇ ನೋಡಿದರು.

"ಏನ್ರೀ ಇದು?"

"ವೈನು ಸಾರ್," ಅಂದ ಮೀಟರಣ್ಣ ತಲೆ ತಗ್ಗಿಸಿ.

"ಇದು ವೈನಾದ್ರೆ ನಾನು ಮಂತ್ರಿ! ದ್ರಾಕ್ಷಿ ಷರಬತ್ತು ಕಣ್ರೀ. ಇದಕ್ಕೆ ಲೈಸೆನ್ಸ್ ಬೇಡ, ಏನೂ ಬೇಡ. ನನ್ನ ಮೊಣಕಾಲು ನೋವಲ್ಲಿ ಇಲ್ಲೀತನಕ ಎಳಕೊಂಡು ಬಂದ್ರಲ್ಲ!" ಪೆಟ್ಟಿಗೆ ಮುಚ್ಚಿ ಕುಂಟುತ್ತಾ ಹೊರಟೇಬಿಟ್ಟರು.

ಗೋಡೆಯ ಆಚೆ ಚಪ್ಪಾಳೆ ಬಿತ್ತು. ಮೀಟರಣ್ಣ ಹೆಂಡತಿಯ ಕೈ ಹಿಡಿದು ಕುಣಿದ. "ನೋಡಿದ್ಯಾ? ಔಷಧೀನೇ! ನಿಮ್ಮಮ್ಮ ದೇವತೆ! ನಿನ್ನ ತಮ್ಮ ಶತಮೂರ್ಖ!" ಸಂತೋಷಕ್ಕೆ ಆವತ್ತು ಬೀದಿಗೆಲ್ಲ ಪುಕ್ಕಟೆ ಬಾಟಲಿ ಹಂಚಿದ. ಎಲ್ಲರೂ ಸೆರಗಿನಲ್ಲಿ, ಶರ್ಟಿನೊಳಗೆ, ಟೈಲರ್ ಅರ್ಧ ಹೊಲಿದ ಪ್ಯಾಂಟೊಂದರ ಕಾಲಿನೊಳಗೆ ಇಟ್ಟುಕೊಂಡು ಬಿರಬಿರನೆ ಮನೆ ಸೇರಿದರು.

ಬೀದಿ ದೀಪ ಹತ್ತಿತು. ಬೀದಿ ಔಷಧಿ ತಗೊಂಡಿತು. ಆಮೇಲೆ ಆ ಬೀದಿಯನ್ನ ಆವರಿಸಿದ ಮೌನ ಇದೆಯಲ್ಲ, ಅದನ್ನ ನಾನು ವರ್ಣಿಸಲಾರೆ. ದೊಡ್ಡ ಮೋಸಕ್ಕೆ ಒಳಗಾದ ಜನ, ಅದನ್ನ ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒಬ್ಬೊಬ್ಬರೇ ಗೋಡೆ ನೋಡುತ್ತಾ ಕೂತ ಮೌನ ಅದು.

ಮೊದಲು ಬಂದವನು ಟೈಲರ್. "ಅಣ್ಣ, ಈ ಸಲದ್ದು ಗಂಟಲಲ್ಲಿ ಇಳಿಯುತ್ತೆ, ಅಷ್ಟೇ. ಮುಂದಕ್ಕೆ ಹೋಗಲ್ಲ."

"ಎಷ್ಟು ತಗೊಂಡೆ?"

"ಬಾಟ್ಲು ಪೂರ್ತಿ."

ಆಮೇಲೆ ಕ್ಯಾಷಿಯರ್. "ನಿಮ್ಮ ಔಷಧೀಲಿ ಏನೋ ಕಡಿಮೆ ಬರ್ತಿದೆ ಅಣ್ಣ. ಲೆಕ್ಕ ತಾಳೆ ಆಗ್ತಿಲ್ಲ."

ಕೊನೆಗೆ ಹೆಡ್‌ಮಿಸ್ಸು ಬಂದರು. ಗೇಟಿನ ಹೊರಗೆ ನಿಂತು, ಉತ್ತರ ಪತ್ರಿಕೆಗೆ ಸೊನ್ನೆ ಹಾಕುವಾಗ ನೋಡುವ ಹಾಗೆ ನೋಡಿ ಹೋದರು.

ಮೀಟರಣ್ಣ ಕಂಗಾಲಾದ. ದ್ರಾಕ್ಷಿ ಸರಿ, ಸಕ್ಕರೆ ಸರಿ, ಲವಂಗ ಸರಿ. ಮತ್ತೇನು? ಹೆಂಡತಿ ಕೊನೆಗೆ ಸೆರಗು ತಿರುವುತ್ತಾ ಹೇಳಿದಳು.

"ರೀ, ಬೈಬೇಡಿ. ನೀವು ಹಾಲಿಗೆ ಹೋದಾಗ ಎಲ್ಲಾನೂ ದೊಡ್ಡ ಪಾತ್ರೇಲಿ ಹಾಕಿ ಕೊತಕೊತ ಕುದಿಸಿಬಿಟ್ಟೆ."

"ಕುದಿಸಿದ್ಯಾ? ಯಾಕೇ?"

"ಕುದಿಸಿದ್ರೆ ಅದು ಹಾರಿಹೋಗುತ್ತೆ. ನಿಮ್ಮ ಕೆಲಸ ಉಳೀಬೇಕಲ್ಲ."

"ಅದು ಅಂದ್ರೆ ಯಾವುದು?"

ಹೆಂಡತಿ ಅವನನ್ನ ಮದುವೆಯಾದ ದಿನ ನೋಡಿದ ಹಾಗೇ ನೋಡಿದಳು: ಇವನನ್ನ ಕಟ್ಟಿಕೊಂಡು ಹೇಗಪ್ಪಾ ಅಂತ. ಮೀಟರಣ್ಣನಿಗೆ ನಿಧಾನವಾಗಿ ಅರ್ಥವಾಯಿತು. ಸಿಟ್ಟು ಬರಬೇಕಿತ್ತು, ಬಂದದ್ದು ನೆಮ್ಮದಿ.

"ಹಾಗಾದ್ರೆ ಸರಿಯಾಯ್ತು ಬಿಡು! ಇನ್ಮೇಲೆ ಯಾವಾಗ್ಲೂ ಕುದಿಸಿಯೇ ಕೊಡೋಣ. ಕಾನೂನಿಗೂ ಸರಿ, ಆರೋಗ್ಯಕ್ಕೂ ಸರಿ." ಅಷ್ಟಕ್ಕೇ ಬಿಡದೆ ಗೇಟಿಗೆ ಒಂದು ರಟ್ಟು ನೇತುಹಾಕಿದ: 'ಇಲ್ಲಿ ಔಷಧಿಯನ್ನು ಚೆನ್ನಾಗಿ ಕುದಿಸಿ ಕೊಡಲಾಗುವುದು.'

ಮದ್ಯದ ನೋಟೀಸಿಗೆ ಆಗದ ಗಲಾಟೆ ಈ ರಟ್ಟಿಗೆ ಆಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಬೀದಿಯವರೆಲ್ಲ ಮೀಟರಣ್ಣನ ವರಾಂಡದಲ್ಲಿ. ಮುಂದೆ ಹೆಡ್‌ಮಿಸ್ಸು. ಟೈಲರ್ ಕ್ಯಾಷಿಯರನ ಮುಖ ನೋಡಿದ, ಕ್ಯಾಷಿಯರ್ ಮೇಲೆ ತಿರುಗುವ ಫ್ಯಾನ್ ನೋಡಿದ.

"ಕುದಿಸಬೇಡ," ಅಂದರು ಹೆಡ್‌ಮಿಸ್ಸು.

"ಯಾಕೆ ಮಿಸ್?"

"ಗುಣ ಹೋಗುತ್ತೆ."

"ಕುದಿಸದಿದ್ರೆ ಅದರಲ್ಲಿ..." ಅಂತ ಮೀಟರಣ್ಣ ಶುರು ಮಾಡಿ, ಯಾರಾದರೂ ಕೆಮ್ಮುತ್ತಾರೇನೋ ಅಂತ ಕಾದ. ಯಾರೂ ಕೆಮ್ಮಲಿಲ್ಲ. "...ಅದರಲ್ಲಿ ಮದ್ಯ ಇರುತ್ತೆ ಮಿಸ್. ನನಗೂ ಗೊತ್ತಿರಲಿಲ್ಲ. ಎರಡು ವರ್ಷ ನಿಮಗೆ ಕುಡಿಸಿಬಿಟ್ಟೆ. ನನ್ನನ್ನ ಕ್ಷಮಿಸಿಬಿಡಿ."

ಹೆಡ್‌ಮಿಸ್ಸು ಕನ್ನಡಕ ಮೇಲೆ ಮಾಡಿದರು. "ಮೀಟರು, ನಾನು ನಿವೃತ್ತಿ ಆಗೋವರೆಗೂ ಯಾವ ಪಾಠ ಮಾಡ್ತಿದ್ದೆ?"

"ವಿಜ್ಞಾನ ಮಿಸ್."

"ದ್ರಾಕ್ಷಿಗೆ ಸಕ್ಕರೆ ಹಾಕಿ, ಬಟ್ಟೆ ಕಟ್ಟಿ, ಕತ್ತಲಲ್ಲಿಟ್ರೆ ಏನಾಗುತ್ತೆ ಅಂತ ನಾನು ಎಂಟನೇ ತರಗತಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದೀನಿ."

ಮೀಟರಣ್ಣ ಗೋಡೆ ಹಿಡಿದುಕೊಂಡ. "ಅಂದ್ರೆ ನಿಮಗೆ... ಮೊದಲಿಂದ?"

"ಮೊದಲ ಚಮಚದಿಂದ."

"ಅಯ್ಯೋ, ಮಿಸ್‌ಗೂ ಗೊತ್ತಿತ್ತಾ?" ಅಂತ ಟೈಲರ್ ಬಾಯಿತಪ್ಪಿ ಅಂದ. "ನಿನಗೂ ಗೊತ್ತಿತ್ತಾ?" ಅಂತ ಕ್ಯಾಷಿಯರ್ ಹೌಹಾರಿದ. "ನಿನಗೆ?" "ನಿಮಗೆ?" ವರಾಂಡದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು, ಇಷ್ಟು ದಿನ ಪಕ್ಕದ ಮನೆಯವರ ಮುಗ್ಧತೆ ಕಾಪಾಡಲು ತಾವು ಕೆಮ್ಮಿದ ಕೆಮ್ಮೆಲ್ಲ ದಂಡವಾಯಿತಲ್ಲ ಅಂತ ಮರುಗಿದರು. ಒಟ್ಟಿನಲ್ಲಿ ಆ ಬೀದಿಯಲ್ಲಿ ವಿಷಯ ಗೊತ್ತಿಲ್ಲದೆ ಇದ್ದವನು ಒಬ್ಬನೇ. ಅದನ್ನ ತಯಾರು ಮಾಡುತ್ತಿದ್ದವನು.

"ಹಾಗಿದ್ರೆ ಲೈಸೆನ್ಸಿಗೆ ಯಾಕೆ ಬೇಡ ಅಂದ್ರಿ ಮಿಸ್?"

"ಬೋರ್ಡ್ ಇಲ್ಲದಾಗ ನಾನು ಔಷಧಿ ಕುಡೀತಿದ್ದೆ. ನೀನು ಬೋರ್ಡ್ ಹಾಕಿದ್ರೆ ನಾನು ಏನು ಕುಡಿದ ಹಾಗಾಯ್ತು, ನೀನೇ ಹೇಳು."

ಮೀಟರಣ್ಣ ತಲೆ ಕೆರೆದುಕೊಂಡ. ಆದರೆ ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. "ಲೈಸೆನ್ಸ್ ಇಲ್ಲದೆ ಕುದಿಸದೇ ಇರೋದು ನನ್ನ ಕೈಲಾಗಲ್ಲ. ಕುದಿಸ್ಬೇಡ ಅಂದ್ರೆ ಲೈಸೆನ್ಸಿಗೆ ನೀವೇ ಸಹಿ ಹಾಕಿಕೊಡಿ."

ಸಹಿಗೆ ಆದ ನೂಕುನುಗ್ಗಲು ನೋಡಬೇಕಿತ್ತು. ಕ್ಯಾಷಿಯರ್ ಎರಡು ಕಡೆ ಸಹಿ ಹಾಕಿ, ಹೆಬ್ಬೆಟ್ಟೂ ಒತ್ತಿದ.

ಮೀಟರಣ್ಣ ಮತ್ತೆ ಕಚೇರಿಗೆ ಹೋದ. ಅವನನ್ನ ಬಾಗಿಲಲ್ಲೇ ಕಂಡು ಇನ್ಸ್‌ಪೆಕ್ಟರ್ ಮೇಜಿನ ಕೆಳಗೆ ಕಾಲು ಎಳೆದುಕೊಂಡರು. ಪರೀಕ್ಷೆಗೆ ಅಂತ ಒಂದೇ ಒಂದು ಜಾಡಿ ಮಾಡೋಕೆ ಅನುಮತಿ ಸಿಕ್ಕಿತು. ಅದು ಆಗುವವರೆಗೆ ಬೀದಿಯವರು ದಾರಿಯಲ್ಲಿ ಹೋಗುವಾಗ ಮೀಟರಣ್ಣನ ಕಿಟಕಿಗೆ ಕಿವಿ ಕೊಟ್ಟು, "ಉಸಿರಾಡ್ತಿದೆಯಾ?" ಅಂತ ವಿಚಾರಿಸಿ ಹೋಗುತ್ತಿದ್ದರು. ಮೀಟರಣ್ಣ ಪಾತ್ರೆಗಳನ್ನೆಲ್ಲ ಕಪಾಟಿಗೆ ಹಾಕಿ, ಹೆಂಡತಿಗೆ ಸಿಗದ ಹಾಗೆ ಬೀಗ ಹಾಕಿದ್ದ. ಅಷ್ಟೂ ದಿನ ಊಟ ಹೋಟೆಲಿನಿಂದ.

ಇನ್ಸ್‌ಪೆಕ್ಟರ್ ಮತ್ತೆ ಒಲೆ ಹಚ್ಚಿದರು, ಆವಿ ಹಿಡಿದರು, ಕಡ್ಡಿ ತೇಲಿಬಿಟ್ಟರು. ಈ ಸಲ ಕಡ್ಡಿ ಹೆಡ್‌ಮಿಸ್ಸಿನ ಮುಂದೆ ನಿಂತ ಹುಡುಗನ ಹಾಗೆ ಗುರುತಿನವರೆಗೆ ಮುಳುಗಿ ಉತ್ತರ ಹೇಳಿತು.

"ಇದೆ," ಅಂದರು ಇನ್ಸ್‌ಪೆಕ್ಟರ್.

ಗೋಡೆಯ ಮೇಲಿದ್ದ ಗಲ್ಲಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು.

"ಹಿಂದೆ ಎಲ್ಲರೂ ಬೇಡ ಅಂದೋರು, ಈಗ ಎಲ್ಲರೂ ಬೇಕು ಅಂತೀರಿ. ಏನ್ ಸಮಾಚಾರ?"

"ಸಾರ್ವಜನಿಕ ಆರೋಗ್ಯ," ಅಂದರು ಹೆಡ್‌ಮಿಸ್ಸು, ಕುರ್ಚಿಯಿಂದ ಏಳದೆ.

ಲೈಸೆನ್ಸ್ ಬಂತು. ಮೀಟರಣ್ಣ ಅದಕ್ಕೆ ಕಟ್ಟು ಹಾಕಿಸಿ, ಅತ್ತೆಯ ಫೋಟೋ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ. ಮಹಾ ಆಶ್ಚರ್ಯ ನಡೆದದ್ದು ಆ ಸಾಯಂಕಾಲ. ಬೀದಿ ದೀಪ ಹತ್ತಿತು. ಕೆಮ್ಮಿಲ್ಲ! ಟೈಲರ್ ಅಂಗಡಿಯಲ್ಲಿ ಇಲ್ಲ, ಮಹಡಿಯಲ್ಲಿ ಇಲ್ಲ. ಎರಡು ವರ್ಷ ಔಷಧಿಗೆ ಬಗ್ಗದ ಕೆಮ್ಮು ಒಂದು ಸರ್ಕಾರಿ ಮೊಹರಿಗೆ ವಾಸಿಯಾಗಿತ್ತು.

ಮೀಟರಣ್ಣ ಜೋಲುಮುಖ ಹಾಕಿಕೊಂಡು ಬಾಗಿಲಲ್ಲಿ ಕೂತ. "ಎಲ್ಲರಿಗೂ ಗುಣ ಆಗೋಯ್ತಲ್ಲೇ. ಇನ್ನು ಯಾರು ಬರ್ತಾರೆ?"

"ಸುಮ್ನೆ ನೋಡ್ತಾ ಇರಿ," ಅಂದಳು ಹೆಂಡತಿ.

ಟೈಲರ್ ಎದೆಯುಬ್ಬಿಸಿಕೊಂಡು ಬಂದು, "ಎರಡು ಬಾಟ್ಲು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದ. ಸೌಟು ತಂದಿರಲಿಲ್ಲ. ಕ್ಯಾಷಿಯರ್ ಹೆಂಡತಿಯನ್ನೂ ಕರೆದುಕೊಂಡು ಬಂದ. ಎಲ್ಲರೂ ನಗುತ್ತಾ, ಬಾಟಲಿ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾ ಹೋದರು. ಕೊನೆಗೆ ಎದುರು ಮನೆಯ ಗೇಟು ಕಿರ್ರೆಂದಿತು. ಹೆಡ್‌ಮಿಸ್ಸು ಕೈಯಲ್ಲಿ ಅದೇ ಹಳೇ ಚಮಚ ಹಿಡಿದು ಬೀದಿ ದಾಟಿ ಬಂದರು. ಬಾಗಿಲ ಮುಂದೆ ನಿಂತರು. ಲೈಸೆನ್ಸ್ ಕಡೆ ನೋಡಲೇ ಇಲ್ಲ. ನೆಟ್ಟಗೆ ನಿಂತು, ಶಿಸ್ತಾಗಿ, ಎರಡು ಸಲ ಕೆಮ್ಮಿದರು.

ಮೀಟರಣ್ಣನ ಮುಖ ಅರಳಿತು. ಅವನು ಎದ್ದು ನಿಂತು, ಬಹಳ ಗಂಭೀರವಾಗಿ ಕೇಳಿದ: "ಒಣ ಕೆಮ್ಮಾ ಮಿಸ್, ಕಫದ್ದಾ?"

ಹೆಡ್‌ಮಿಸ್ಸು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು.

"ಯಾವುದಕ್ಕೆ ದೊಡ್ಡ ಬಾಟ್ಲು ಕೊಡ್ತೀಯೋ, ಅದು."